ಬೆಳಗಾವಿ ಮುಕ್ಕಾಲು ತಾಸಿನ ದಾರಿ ಎಂದು ಹೆಂಡತಿಗೆ ಹೇಳಿದ ಬಗ್ಗೆ

ಕಮಲಾಪುರ
ದಿ. ೧೪-೨-೨೦೦೧

ಇಂದ,
ಸಾಯಬಣ್ಣ, ಭೂಗೋಳ ಶಿಕ್ಷಕ,
ಕಮಲಾಪುರ, ಕಲಬುರಗಿ ಜಿಲ್ಲೆ.

ಗೆ,
ಮುಂದೆ ನೇಮಕವಾಗಲಿರುವ ವ್ಯವಸ್ಥಾಪಕರು,
ಮುಂದೆ ಕಟ್ಟಲಿರುವ ವಿಮಾನ ನಿಲ್ದಾಣ, ಕಲಬುರಗಿ.

ವಿಷಯ: ಕಲಬುರಗಿ–ಬೆಳಗಾವಿ ವಿಮಾನವನ್ನು ನನ್ನ ಮಗಳ ಹೆರಿಗೆಯಾಗುವುದರೊಳಗೆ ಪ್ರಾರಂಭಿಸುವ ಕುರಿತು.

ಉಲ್ಲೇಖ: ೧) ಶಾಲೆಯ ಗೋಡೆ ನಕಾಶೆ. ೨) ಹೆಂಡತಿ ಲಲಿತಾಬಾಯಿಯ ಮೌಖಿಕ ನೋಟೀಸು, ದಿನಾಲು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ,

೧. ಎರಡು ವರ್ಷಗಳ ಹಿಂದೆ ನನ್ನ ಒಬ್ಬಳೇ ಮಗಳು ಜಯದೇವಿಗೆ ಬೆಳಗಾವಿಯ ಸಂಬಂಧ ಬಂತು. ಹುಡುಗ ಒಳ್ಳೆಯವನು. ಆದರೆ ಬಸ್ಸಿನಲ್ಲಿ ಹನ್ನೆರಡು ತಾಸಿನ ದಾರಿಯಾದ ಕಾರಣ ಲಲಿತಾಬಾಯಿ, "ಅಷ್ಟು ದೂರ ನಾ ಕೊಡಂಗಿಲ್ಲ ನೋಡ್ರಿ" ಎಂದು ಹಟ ಹಿಡಿದಳು.

೨. ಆದ್ದರಿಂದ ನಾನು ಶಾಲೆಯ ನಕಾಶೆಯನ್ನು ಮನೆಗೆ ತಂದು, ಗೋಡೆಗೆ ತೂಗುಹಾಕಿ, ಫೂಟಪಟ್ಟಿ ಇಟ್ಟು ಅಳೆದೆ. ನೇರ ಮುನ್ನೂರು ಕಿಲೋಮೀಟರು. ವಿಮಾನದ ವೇಗ ತಾಸಿಗೆ ನಾನೂರು ಎಂದು ಹಿಡಿದರೆ ಮುಕ್ಕಾಲು ತಾಸು. "ಕಲಬುರಗಿಗೆ ಇಂದಲ್ಲ ನಾಳಿ ವಿಮಾನ ಬರ್ತದ. ನಮ್ಮ ಬಸ್ಸು ಕಮಲಾಪುರದಿಂದ ಕಲಬುರಗಿ ಮುಟ್ಲಿಕ್ಕೇ ಒಂದು ತಾಸು ತಗೋತದ. ಅಂದಮ್ಯಾಲ ಬೆಳಗಾವಿ ಅದಕ್ಕಿಂತ ಸಮೀಪ!" ಎಂದೆ. ಮಾಸ್ತರರ ಲೆಕ್ಕ ತಪ್ಪಲಿಕ್ಕಿಲ್ಲ ಎಂದು ಅವಳು ಒಪ್ಪಿದಳು, ಮದುವೆಯೂ ಆಯಿತು. ಲೆಕ್ಕ ಈಗಲೂ ಸರಿಯಾಗಿಯೇ ಇದೆ. ವಿಮಾನ ಮಾತ್ರ ಇಲ್ಲ.

೩. ಈಗ ಜಯದೇವಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ರೂಢಿ. ಆಕೆ ಬಸ್ಸಾಗಲಿ ರೈಲಾಗಲಿ ಹತ್ತಕೂಡದೆಂದು ಡಾಕ್ಟರರು ಚೀಟಿ ಬರೆದಿದ್ದಾರೆ. ವಿಮಾನದ ಬಗ್ಗೆ ಕೇಳಿಸಲಾಗಿ, ನಕ್ಕರಂತೆ.

೪. ಸದರಿ ಕಾರಣ ಲಲಿತಾಬಾಯಿ ದಿನಾ ಬೆಳಿಗ್ಗೆ ಚಹಾ ಕುಕ್ಕಿ ಇಟ್ಟು, "ಎಲ್ಲ್ಯದರಿ ನಿಮ್ಮ ಮುಕ್ಕಾಲು ತಾಸು?" ಎಂದು ಕೇಳುತ್ತಿದ್ದಾಳೆ.

೫. ನಿಲ್ದಾಣ ಬರುತ್ತದೆಂದು ಜನ ಹೇಳುವ ಬಯಲಿಗೆ ಖುದ್ದಾಗಿ ಹೋಗಿ ಪರಿಶೀಲಿಸಲಾಗಿ, ಅಲ್ಲಿ ಆಡು ಮೇಯಿಸುತ್ತಿದ್ದ ನಬಿಸಾಬ್ ಎಂಬವರು, "ವಿಮಾನ ಮ್ಯಾಲಿಂದ ಹೋಗೂದು ನೋಡೀನ್ರಿ ಸರ. ಇಳದದ್ದು ನೋಡಿಲ್ಲ" ಎಂದು ಹೇಳಿಕೆ ಕೊಟ್ಟರು.

ಆದ್ದರಿಂದ, ಎರಡು ತಿಂಗಳೊಳಗೆ ಒಂದೇ ಒಂದು ವಿಮಾನವನ್ನು, ಒಂದೇ ಒಂದು ಸಲ

ಇಷ್ಟು ಬರೆಯುವಷ್ಟರಲ್ಲಿ ಎಸ್‌ಟಿಡಿ ಬೂತಿನ ಹಮೀದ್ ಅವರು "ಮಾಸ್ತರ್, ಬೆಳಗಾವಿ ಫೋನ್!" ಎಂದು ಕೂಗಿದ ಕಾರಣ ಅರ್ಜಿ ನಿಲ್ಲಿಸಬೇಕಾಯಿತು. ಮಗಳು ಮಾತಾಡಿದಳು: "ಅಪ್ಪಾ, ವಿಮಾನ ಬರೂತನಾ ಕೂಸು ನಿಲ್ತದೇನ್ರಿ? ನನಗ ಅಂಜಿಕಿ ಆಗ್ಯದ. ಅವ್ವನ್ನ ಕರ್ಕೊಂಡು ನೀವೇ ಬರ್ರಿ."

ವಿಮಾನ ಬರಲಿ, ಹೋದರಾಯಿತು ಎಂದು ಎರಡು ವರ್ಷ ಮಗಳ ಮನೆಯ ಹೊಸ್ತಿಲು ತುಳಿಯದ ತಂದೆ ನಾನು. ನಾಚಿಕೆಯಾಯಿತು, ಮಾನ್ಯರೇ.

ಬೀಗರ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವನ್ನು ಲಲಿತಾಬಾಯಿ ನಿಂತಲ್ಲೇ ರದ್ದುಪಡಿಸಿ, "ಆಕಿ ತವರಿಗಿ ಬರ್ಲಿಕ್ಕಾಗಲಿಲ್ಲಂದ್ರ ತವರೇ ಆಕಿ ಕಡಿ ಹೋಗ್ತದ. ಏಳ್ರಿ!" ಎಂದು ಮನೆಯ ತೊಟ್ಟಿಲು ಬಿಚ್ಚಿ ಗಂಟು ಕಟ್ಟುತ್ತಿದ್ದಾಳೆ.

ಕಾರಣ, ಮೇಲಿನ ಬೇಡಿಕೆಯನ್ನು ಹಿಂಪಡೆದಿದ್ದೇನೆ.

ತಮ್ಮ ವಿಶ್ವಾಸಿ, ಹೆಂಡತಿಯ ವಿಶ್ವಾಸಕ್ಕೆ ಪುನಃ ಅರ್ಜಿ ಹಾಕಿಕೊಂಡವ,
ಸಾಯಬಣ್ಣ

ಲಗತ್ತುಗಳು:
೧. ಡಾಕ್ಟರರ ಚೀಟಿಯ ನಕಲು.
೨. ನಕಾಶೆಯ ಮೇಲೆ ನಾನು ಎಳೆದ ಗೆರೆಯ ನಕಲು. ಮೂಲ ಗೆರೆ ಅಳಿಸಿದರೂ ಹೋಗುತ್ತಿಲ್ಲ.

ಕಡೆಯ ವಿನಂತಿ: ನಾವು ಬೆಳಗಾವಿಯಿಂದ ಮರಳಿ ಬರುವವರೆಗೆ ದಯಮಾಡಿ ವಿಮಾನ ಪ್ರಾರಂಭಿಸಬಾರದು. ತೊಟ್ಟಿಲು ತೊಡೆಯ ಮೇಲಿಟ್ಟುಕೊಂಡು ಹನ್ನೆರಡು ತಾಸು ಕೂತು ಇಳಿದ ಮರುದಿನ ವಿಮಾನ ಬಂತೆಂದರೆ ಲಲಿತಾಬಾಯಿ ನನ್ನನ್ನು ಉಳಿಸುವುದಿಲ್ಲ.