ನಾಲ್ಕು ನಟ್ಟುಗಳ ಭಾನುವಾರ

ಒಂದು ಚಕ್ರದ ನಾಲ್ಕು ನಟ್ಟುಗಳು ಒಬ್ಬ ಪ್ರಾಮಾಣಿಕ ಗೃಹಸ್ಥನ ಸಂಸಾರವನ್ನೇ ಹಿಡಿದು ನಿಲ್ಲಿಸಬಲ್ಲವು ಎಂದರೆ ಓದುಗರು ನಗಬಹುದು. ನಗಲಿ. ಆದರೆ ಕಬ್ಬಿಣಕ್ಕಾಗಲಿ ಮನುಷ್ಯನಿಗಾಗಲಿ ತುಕ್ಕು ಒಂದೇ ದಿನದಲ್ಲಿ ಹಿಡಿಯುವುದಿಲ್ಲ ಎಂಬುದನ್ನು ನಕ್ಕು ಮುಗಿದ ಮೇಲಾದರೂ ನೆನೆಯಬೇಕು.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಅವರನ್ನು ಓಣಿಯೆಲ್ಲ ತಕ್ಕಡಿ ಸಾಹೇಬರೆಂದೇ ಕರೆಯುತ್ತಿತ್ತು. ಯಾರ ಅಂಗಡಿಯಲ್ಲೂ ಅವರು ಒಂದು ಲೋಟ ಚಹಾ ಕುಡಿದವರಲ್ಲ; ಯಾರ ಕಳ್ಳ ತೂಕವನ್ನೂ ಕ್ಷಮಿಸಿದವರಲ್ಲ. ಇಷ್ಟು ನೆಟ್ಟಗಿನ ಮನುಷ್ಯನಲ್ಲಿ ದೋಷವೊಂದೇ ಇತ್ತು. ಅವರಿಗೆ ಹೇಳುವುದು ಬರುತ್ತಿತ್ತು, ಇನ್ನೊಬ್ಬರನ್ನು ಕೇಳುವುದು ಬರುತ್ತಿರಲಿಲ್ಲ. ಅಪರಿಚಿತ ಊರಿನಲ್ಲಿ ದಾರಿ ತಪ್ಪಿದರೂ ಎದುರಿಗೆ ಬಂದವನನ್ನು ವಿಚಾರಿಸದೆ ಎರಡು ಗಂಟೆ ಸುತ್ತಿ, ಹೊರಟಲ್ಲಿಗೇ ಬಂದು, 'ಈ ಊರಿನ ರಸ್ತೆಗಳು ಸರಿಯಿಲ್ಲ' ಎನ್ನುತ್ತಿದ್ದರು.

ಹೆಂಡತಿ ತನ್ನ ತಂಗಿಯ ಮನೆಗೆಂದು ಎಂಟು ದಿನದ ಬಟ್ಟೆ ತೆಗೆದುಕೊಂಡು ಹೋಗಿ ನಾಲ್ಕು ತಿಂಗಳಾಗಿತ್ತು. ಹೋಗುವಾಗ ತನ್ನ ಬೀಗದ ಕೈಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟಿದ್ದಳು. "ಮೂವತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, 'ಇದು ಹೇಗೆ ಮಾಡೋದು' ಅಂತ ನನ್ನ ಕೇಳಿದ್ದೀರಾ?" ಎಂದಷ್ಟೇ ಅಂದಿದ್ದಳು. ಸಾಹೇಬರು ಉತ್ತರಕ್ಕೆ ಹುಡುಕಾಡುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಅಂದಿನಿಂದ ಅವರು ಬೆಳಗಿನ ಚಹಾಕ್ಕೆ ಎರಡು ಲೋಟ ನೀರಿಡುವುದು, ಕುದಿಯುವಾಗ ನೆನಪಾಗಿ ಒಂದು ಲೋಟ ಚೆಲ್ಲುವುದು ನಡೆದೇ ಇತ್ತು. ಅಳತೆಯಲ್ಲಿ ಎಂದೂ ತಪ್ಪದವರಿಗೆ ಈ ಒಂದು ಲೋಟದ ಲೆಕ್ಕ ಮಾತ್ರ ಕೂಡಿಬರಲಿಲ್ಲ.

ಗುರುವಾರ ಅವಳ ಕಾಗದ ಬಂದಿತ್ತು. 'ಇಲ್ಲಿನ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಮೇಲ್ವಿಚಾರಕಿ ಬೇಕಂತೆ, ಅಲ್ಲೇ ವಾಸ. ಸೋಮವಾರ ಒಪ್ಪಿಗೆ ಹೇಳಬೇಕು. ಭಾನುವಾರ ಸಂಜೆಯವರೆಗೆ ಕಾಯುತ್ತೇನೆ. ಬರುವುದಾದರೆ ಅಪ್ಪನ ಕಾರಿನಲ್ಲೇ ಬನ್ನಿ.'

ಅಪ್ಪನ ಕಾರು! ಆ ಮುದಿ ಕಾರನ್ನು ಬಾಡಿಗೆಗೆ ಓಡಿಸಿ ಮಗಳನ್ನು ಸಾಕಿದ ತಂದೆ, ಅದರ ಒಡಲಿನ ಒಂದೊಂದು ತಿರುಪನ್ನೂ ಅವಳಿಗೆ ಪರಿಚಯ ಮಾಡಿಕೊಟ್ಟು ಕಣ್ಣು ಮುಚ್ಚಿದ್ದ. ಮದುವೆಯಾದ ಹೊಸತರಲ್ಲಿ ಪ್ರತಿ ಭಾನುವಾರ ಅವಳು ಓಡಿಸುವಳು, ಇವರು ಪಕ್ಕದಲ್ಲಿ ಕೂತು ಹೊಳೆಯವರೆಗೆ ಹೋಗುವರು. ಆಮೇಲೆ ಇವರು ಇನ್‌ಸ್ಪೆಕ್ಟರಾದರು, ಇಲಾಖೆಯ ಜೀಪು ಓಡಿಸಲು ಕಲಿತರು. ಇನ್‌ಸ್ಪೆಕ್ಟರರ ಹೆಂಡತಿಯ ಕೈಯಲ್ಲಿ ಗ್ರೀಸು ಮೆತ್ತಿರುವುದು ಹುದ್ದೆಗೆ ಶೋಭೆಯಲ್ಲವೆಂದು ಯಾರೂ ಹೇಳದಿದ್ದರೂ ಇವರೇ ಹೇಳಿದರು. ಕಾರು ಕೊಟ್ಟಿಗೆ ಸೇರಿತು. ಕೆಲಸ ಬಲ್ಲ ಕೈಯನ್ನು ಸುಮ್ಮನೆ ಕೂರಿಸುವುದು ಕಳ್ಳ ತೂಕಕ್ಕಿಂತ ದೊಡ್ಡ ಅಪರಾಧ. ಅದಕ್ಕೆ ದಂಡ ಹಾಕುವ ಇಲಾಖೆ ಮಾತ್ರ ಇನ್ನೂ ಹುಟ್ಟಿಲ್ಲ.

ಶನಿವಾರ ಮೆಕ್ಯಾನಿಕ್ ಬಂದು ಎಂಜಿನ್ನಿಗೆ ಜೀವ ಕೊಟ್ಟು ಹೋದ. ಭಾನುವಾರ ಬೆಳಗ್ಗೆ ಸಾಹೇಬರು ಇಸ್ತ್ರಿಯ ಅಂಗಿ ತೊಟ್ಟು ಹೊರಗೆ ಬಂದರೆ, ಮುಂದಿನ ಎಡಗಡೆಯ ಚಕ್ರ ಹಳೆಯ ಚಪ್ಪಲಿಯ ಅಟ್ಟೆಯಂತೆ ನೆಲಕ್ಕೆ ಒರಗಿತ್ತು. ಗ್ಯಾರೇಜಿಗೆ ರಜೆ. ಬದಲಿ ಚಕ್ರ ಗಟ್ಟಿಯಾಗಿತ್ತು. ಹಳೆಯದನ್ನು ಬಿಚ್ಚಬೇಕು, ಅಷ್ಟೆ. ಸಾಹೇಬರು ಚಕ್ರದ ಮುಚ್ಚಳ ತೆಗೆದು, ಸ್ಪ್ಯಾನರ್ ಹಾಕಿ, ಎಡಕ್ಕೆ ತಿರುಗಿಸಿದರು. ನಟ್ಟು ಅಲ್ಲಾಡಲಿಲ್ಲ. ಉಸಿರು ಹಿಡಿದು ತಿರುಗಿಸಿದರು. ಅಂಗಿಯ ಗುಂಡಿಯೊಂದು ಕಿತ್ತು ಬಿತ್ತು.

ಗುಂಡಿಯ ಸದ್ದಿಗೇ ಕಾದಿದ್ದವನಂತೆ ಪಕ್ಕದ ದರ್ಜಿ ಪ್ರತ್ಯಕ್ಷನಾದ. ಓಣಿಗೆಲ್ಲ ಇದ್ದ ಒಂದೇ ಫೋನು ಅವನ ಅಂಗಡಿಯದು. ಆದ್ದರಿಂದ ಓಣಿಯ ಗುಟ್ಟುಗಳೆಲ್ಲ ಅವನವೇ.

"ಸಾಹೇಬ್ರೇ, ತುಕ್ಕಿಗೆ ಮೆಷಿನ್ ಎಣ್ಣೆಯಂಥ ಮದ್ದಿಲ್ಲ. ತರ್ಲಾ?"

"ತಾ," ಎಂದರು ಸಾಹೇಬರು, ಕೇಳಿದ್ದು ತಾವಲ್ಲವಾದ್ದರಿಂದ.

ದರ್ಜಿ ಎಣ್ಣೆ ಬಿಟ್ಟ. ಅರ್ಧ ಗಂಟೆ ಕಾದು ತಿರುಗಿಸಿದರು. ನಟ್ಟು ಎಣ್ಣೆ ಕುಡಿದು ಇನ್ನೂ ಪುಷ್ಟಿಯಾದಂತೆ ಕಂಡಿತು. ಅಷ್ಟರಲ್ಲಿ ಮೂಲೆಯ ಕಬ್ಬಿಣದಂಗಡಿಯವನು ಬಂದ. ತಕ್ಕಡಿಯಲ್ಲಿ ಹೆಬ್ಬೆರಳು ಆನಿಸಿದ್ದಕ್ಕಾಗಿ ಇವರಿಂದಲೇ ಮೂರು ಸಲ ದಂಡ ತೆತ್ತವನು ಅವನು.

"ನಿಮ್ಮ ಕೈಗೆ ಸಿಕ್ಕಿದ್ದು ಇಷ್ಟು ಸುಲಭಕ್ಕೆ ಬಿಡುತ್ತಾ ಸಾಹೇಬ್ರೇ? ನಂಗೊತ್ತಲ್ಲ!" ಎಂದು ನಕ್ಕ. "ಬಿಸಿ ಮಾಡ್ಬೇಕು. ಕಬ್ಬಿಣ ಕಾದ್ರೆ ಹಿಗ್ಗುತ್ತೆ."

"ಕಬ್ಬಿಣದ ಗುಣ ನನಗೆ ಹೇಳಿಕೊಡಬೇಡ," ಎಂದರು ಸಾಹೇಬರು. ಆದರೂ ಅವನು ಅಂಗಡಿಯಿಂದ ಬೆಸುಗೆಗೆ ಬಳಸುವ ಬೆಂಕಿಯ ದೀಪ ತಂದು ನಟ್ಟಿಗೆ ಹಿಡಿದ. ಮೆಷಿನ್ ಎಣ್ಣೆ ಹೊತ್ತಿಕೊಂಡಿತು. ದರ್ಜಿ ಅಳತೆ ಟೇಪು ಬಿಸಾಡಿ ಓಡಿದ. ಎದುರುಮನೆಯ ಅಜ್ಜಿ ಬಟ್ಟೆ ನೆನೆಸಿದ್ದ ಬಕೆಟ್ಟನ್ನೇ ತಂದು ಸುರಿದಳು. ಬೆಂಕಿ ಆರಿತು, ಸಾಹೇಬರ ಇಸ್ತ್ರಿ ಅಂಗಿ ಸಾಬೂನಿನ ನೊರೆಯಲ್ಲಿ ಮಿಂದಿತು.

"ಅಂಗಿ ಬದಲಾಯಿಸ್ಕೋ ಹೋಗಪ್ಪ," ಎಂದಳು ಅಜ್ಜಿ. "ಹೆಂಡ್ತಿ ಕರ್ಕೊಂಡು ಬರೋಕೆ ಹೀಗಾ ಹೋಗೋದು?"

ಹನ್ನೊಂದಾಯಿತು. ಹನ್ನೆರಡಾಯಿತು. ಕಬ್ಬಿಣದಂಗಡಿಯವನು ಸ್ಪ್ಯಾನರಿನ ಹಿಡಿಗೆ ಮಾರುದ್ದದ ಕೊಳವೆ ಸೇರಿಸಿ, ಅದರ ಮೇಲೆ ನಿಂತು, "ಈಗ ನೋಡಿ!" ಎಂದು ಕುಣಿದ. ಸ್ಪ್ಯಾನರ್ ಜಾರಿತು. ಅವನು ಅಜ್ಜಿಯ ಹೂವಿನ ಕುಂಡದಲ್ಲಿ ಕೂತ.

"ಎದ್ದೇಳೋ! ಮೂರು ವರ್ಷದಿಂದ ಸಾಕಿದ ಗಿಡ ಅದು!"

"ನನ್ನ ಸೊಂಟ ಐವತ್ತು ವರ್ಷದಿಂದ ಸಾಕಿದ್ದು ಅಜ್ಜೀ..."

ದಾನಗಳಲ್ಲೆಲ್ಲ ಕೊಡುವವನಿಗೆ ಏನೂ ಖರ್ಚಿಲ್ಲದ ದಾನವೆಂದರೆ ಸಲಹೆ. ನಮ್ಮ ಜನ ಅದರಲ್ಲಿ ಎಂದೂ ಜಿಪುಣತನ ತೋರಿದವರಲ್ಲ. ಮೂರು ಗಂಟೆಯ ಹೊತ್ತಿಗೆ ಓಣಿಯ ಗಂಡಸರೆಲ್ಲ ಒಂದೊಂದು ಸಲ ಕೊಳವೆಗೆ ಜೋತುಬಿದ್ದು, ಒಬ್ಬೊಬ್ಬರೂ ತಮ್ಮ ಪಾಲಿನ ಬಲವನ್ನು ನಟ್ಟಿಗೆ ಧಾರೆಯೆರೆದಿದ್ದರು.

ಸಾಹೇಬರು ಸೋತು ಚಾಲಕನ ಆಸನದಲ್ಲಿ ಕುಳಿತರು. ಅಲ್ಲಿ ಹೆಂಡತಿ ಹೊಲಿದ ದಿಂಬು ಇನ್ನೂ ಇತ್ತು. ಗಿಡ್ಡಗಿದ್ದ ಅವಳು ಅದರ ಮೇಲೆ ಕೂತೇ ರಸ್ತೆ ನೋಡುತ್ತಿದ್ದಳು. ದಿಂಬಿನಲ್ಲಿ ಅವಳ ಕುಳಿತ ಗುರುತು ಆಳವಾಗಿ ಉಳಿದಿತ್ತು. ಸಾಹೇಬರು ಮೆಲ್ಲನೆ ಎದ್ದು ಪಕ್ಕದ ಆಸನಕ್ಕೆ, ತಮ್ಮ ಹಳೆಯ ಜಾಗಕ್ಕೆ, ಸರಿದು ಕೂತರು.

ಕಿಟಕಿಯಲ್ಲಿ ಅಜ್ಜಿ ಇಣುಕಿದಳು. "ನನಗೊಂದು ಆಶ್ಚರ್ಯ ಕಣಪ್ಪ. ಇಷ್ಟು ಗಂಡಸರಿಗೆ ಆಗ್ದೇ ಇದ್ದಿದ್ದನ್ನ ನಿನ್ನ ಹೆಂಡ್ತಿ ಒಬ್ಬಳೇ ಬಿಚ್ತಿದ್ಲಲ್ಲ, ಸೆರಗು ಸಿಕ್ಕಿಸ್ಕೊಂಡು, ಹಾಡು ಹೇಳ್ಕೊಂಡು. ಅವಳನ್ನೇ ಒಂದು ಮಾತು ಕೇಳಬಾರದಾ?"

ಸಾಹೇಬರು ಬಾಗಿಲು ತೆರೆದು, ದರ್ಜಿಯ ಅಂಗಡಿಗೆ ನಡೆದು, ಫೋನು ಎತ್ತಿದರು. ನಾದಿನಿ ದಾದಿ, ಆ ದಿನ ಅವಳಿಗೆ ಆಸ್ಪತ್ರೆಯ ಪಾಳಿ. ಹೆಂಡತಿಯೇ ಫೋನು ತೆಗೆದುಕೊಂಡಳು.

"ನಾನು," ಎಂದರು ಸಾಹೇಬರು. ಗಂಟಲು ತುಕ್ಕು ಹಿಡಿದ ತಿರುಪಿನಂತೆ ಕಿರುಗುಟ್ಟಿತು. "ಕಾರಿನ ಚಕ್ರ... ನಟ್ಟು ಬಿಚ್ಚುತ್ತಿಲ್ಲ. ಇದು... ಇದು ಹೇಗೆ ಮಾಡೋದು?"

ಇವರು ಮತ್ತೆ ಕೇಳಬೇಕೇನೋ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳ ದನಿ ಬಂತು, ಸ್ವಲ್ಪ ಒದ್ದೆಯಾಗಿ.

"ಎಡಗಡೆ ಚಕ್ರ ತಾನೇ?"

"ಹೌದು."

"ಬಲಕ್ಕೆ ತಿರುಗಿಸಿ. ಆ ಕಾರಿಗೆ ಎಡಗಡೆ ತಿರುಪು ಉಲ್ಟಾ. ಮದುವೆಯಾದ ವರ್ಷವೇ ಹೇಳಿದ್ದೆ. 'ತಿರುಪಿಗೆಲ್ಲ ಒಂದೇ ನಿಯಮ' ಅಂತ ನನಗೇ ಪಾಠ ಮಾಡಿದ್ರಿ. ರೀ, ಕೇಳಿದ್ರಲ್ಲ, ಅಷ್ಟು ಸಾಕು ನಂಗೆ. ನಾನೇ—"

"ಬಲಕ್ಕಾ! ಹೊರಟೆ!" ಎಂದು ಸಾಹೇಬರು ಫೋನು ಕುಕ್ಕಿ ಓಡಿದರು.

ಅಂದರೆ ಬೆಳಗಿನಿಂದ ಓಣಿಯ ಸಮಸ್ತ ಪೌರುಷವೂ ಸೇರಿ ಆ ನಟ್ಟುಗಳನ್ನು ಬಿಗಿಗೊಳಿಸಿತ್ತು! ಸಾಹೇಬರು ಕೊಳವೆಯನ್ನು ಬಲಕ್ಕೆ ಎಳೆದರು. ನಟ್ಟು ಒಮ್ಮೆ ನರಳಿತು, ಕೆಂಪು ಪುಡಿ ಉದುರಿತು, ತಿರುಗಿತು. ಒಂದಾದ ಮೇಲೊಂದು ನಾಲ್ಕೂ ಬಿಚ್ಚಿದವು. ಓಣಿ ಚಪ್ಪಾಳೆ ತಟ್ಟಿತು. ಬದಲಿ ಚಕ್ರ ಏರಿಸಿ, ನಟ್ಟುಗಳನ್ನು ಈ ಸಲ ಎಡಕ್ಕೆ ಬಿಗಿದು, ಮುಚ್ಚಳ ಹಾಕುವುದನ್ನೂ ಅಂಗಿ ಬದಲಾಯಿಸುವುದನ್ನೂ ಮರೆತು ಸಾಹೇಬರು ಕಾರು ಬಿಟ್ಟರು.

ನಾದಿನಿಯ ಮನೆ ಒಂದು ಗಂಟೆಯ ದಾರಿ. ದಾರಿಯುದ್ದಕ್ಕೂ ಅವರು ಆಡಬೇಕಾದ ಮಾತುಗಳನ್ನು ಹೊಂದಿಸಿಕೊಂಡರು, ಎಲ್ಲವೂ ಪ್ರಶ್ನೆಗಳೇ. 'ಹೊಳೆಗೆ ಹೋಗೋಣವೇ?' 'ನೀನು ಓಡಿಸುತ್ತೀಯಾ?' ಮೂವತ್ತು ವರ್ಷದ ಬಾಕಿಯೆಲ್ಲ ನಾಲಗೆಯ ತುದಿಯಲ್ಲಿ ಸಾಲುಗಟ್ಟಿತ್ತು.

ಬಾಗಿಲಿಗೆ ಬೀಗ ಬಿದ್ದಿತ್ತು.

"ಅವರಾ? ಯಾವುದೋ ಫೋನು ಬಂತಂತೆ, ಕುಣಿದಾಡಿಕೊಂಡು ಬಸ್ಸು ಹತ್ತಿದ್ರು," ಎಂದಳು ಪಕ್ಕದ ಮನೆಯಾಕೆ. "ಗಂಡನ ಮನೆಗೆ ಹೋಗ್ತೀನಿ ಅಂದ್ರು."

ಮೊದಲಿನ ಸಾಹೇಬರಾಗಿದ್ದರೆ ಅಲ್ಲೇ ಮೆಟ್ಟಿಲ ಮೇಲೆ ಕೂತು, 'ಇಲ್ಲಿಗೆ ಬಾ ಅಂದವಳು ಇಲ್ಲಿಗೇ ಬರಲಿ' ಎಂದು ಬೆಳಗಿನವರೆಗೂ ಹಟ ಹಿಡಿಯುತ್ತಿದ್ದರು. ಈ ದಿನ ಅವರು ಜೀವಮಾನದಲ್ಲೇ ಮೊದಲ ಸಲ ಹಟ ಬಿಟ್ಟು ಕಾರು ತಿರುಗಿಸಿದರು.

ಅರ್ಧ ದಾರಿಯಲ್ಲಿ ಇಕ್ಕಟ್ಟಾದ ಸೇತುವೆ. ಎದುರಿನಿಂದ ಬಸ್ಸೊಂದು ಬಂದು ಹಾರ್ನು ಹೊಡೆಯಿತು. ಮೊದಲು ಸೇತುವೆಗೆ ಬಂದವರು ಸಾಹೇಬರು. ನಿಯಮ ಅವರ ಕಡೆಗಿತ್ತು. ಬಸ್ಸಿನ ಕಿಟಕಿಯಿಂದ ಯಾವುದೋ ಕೈ ಹುಚ್ಚು ಹಿಡಿದಂತೆ ಬೀಸುತ್ತಿತ್ತು. 'ಹಿಂದೆ ಸರಿ, ಹಿಂದೆ ಸರಿ ಎಂದು ಕೈಬೀಸುವ ಉದ್ಧಟತನ ಬೇರೆ!' ಎಂದು ಸಾಹೇಬರು ತಲೆಯೆತ್ತಿ ಮುಖ ನೋಡದೆ ಆ ಕೈಗೆ ತೋರುಬೆರಳು ಅಲ್ಲಾಡಿಸಿ, ಬಸ್ಸನ್ನು ಹಿಂದಕ್ಕೆ ಸರಿಸಿಯೇ ಸೇತುವೆ ದಾಟಿದರು.

ಓಣಿ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಜಗಲಿ ಗುಡಿಸಿತ್ತು. ಬಾಗಿಲ ಪಕ್ಕದಲ್ಲಿ, ಅವರು ಮರೆತುಹೋದ ಚಕ್ರದ ಮುಚ್ಚಳ ಕನ್ನಡಿಯಂತೆ ಹೊಳೆಯುತ್ತ ಗೋಡೆಗೆ ಒರಗಿತ್ತು. ಅಷ್ಟು ಚೆನ್ನಾಗಿ ಅದನ್ನು ಉಜ್ಜುವ ಕೈ ಭೂಮಿಯ ಮೇಲೆ ಒಂದೇ.

"ಬಂದಿದ್ಲು, ಐದು ಗಂಟೆ ಬಸ್ಸಿಗೆ ವಾಪಸ್ ಹೋದ್ಲು ಕಣಪ್ಪ," ಎಂದಳು ಅಜ್ಜಿ. "ಅದೇ ಕೊನೇ ಬಸ್ಸು. ಕೂತ್ಕೊಳ್ಳೇ, ಬರ್ತಾನೆ ಅಂದೆ. 'ಇಲ್ಲ ಅಜ್ಜಿ, ಅಲ್ಲಿ ಬೀಗ ಕಂಡ್ರೆ ಅವರು ಬಾಗಿಲ ಮುಂದೇನೇ ಕೂತ್ಬಿಡ್ತಾರೆ, ಬೆಳಗಾದ್ರೂ ಏಳಲ್ಲ. ಆ ಹಟ ನಂಗೊತ್ತು, ಉಪವಾಸ ಇರ್ತಾರೆ' ಅಂತ ಓಡಿದ್ಲು."

ಸಾಹೇಬರಿಗೆ ಸೇತುವೆಯ ಮೇಲಿನ ಕೈ ನೆನಪಾಯಿತು. ತಮ್ಮ ತೋರುಬೆರಳೂ ನೆನಪಾಯಿತು. ಅವರು ಕಾರಿನ ಕಡೆ ತಿರುಗಿದರು. ಆಗಲೇ ಹಿಂದಿನ ಬಲಗಡೆಯ ಚಕ್ರ ನಿಟ್ಟುಸಿರಿಟ್ಟು ನೆಲಕ್ಕೆ ಒರಗಿತು.

"ಯೋಚ್ನೆ ಮಾಡ್ಬೇಡಿ, ಬೆಳಗಿನ ಚಕ್ರಕ್ಕೆ ತೇಪೆ ಹಾಕಿಟ್ಟಿದ್ದೀನಿ. ತೇಪೆ ನಮ್ಮ ಕಸುಬು!" ಎಂದ ದರ್ಜಿ.

"ತಿರುಗ್ಸಿ ಬಲಕ್ಕೆ! ಈ ಕಾರಲ್ಲಿ ಎಲ್ಲಾ ಉಲ್ಟಾ!" ಎಂದು ಕಬ್ಬಿಣದಂಗಡಿಯವನು ಕೊಳವೆ ಎತ್ತಿದ.

"ಇಲ್ಲ, ಈ ಕಡೆಯದು ನೆಟ್ಟಗೇ ಇರ್ಬೇಕು," ಎಂದ ದರ್ಜಿ.

"ಯಾರೂ ಮುಟ್ಟಬೇಡಿ," ಎಂದರು ಸಾಹೇಬರು. "ಅವಳನ್ನು ಕೇಳುತ್ತೇನೆ."

ದರ್ಜಿಯ ಅಂಗಡಿಯಲ್ಲಿ, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಅವರು ಫೋನು ಹಚ್ಚಿದರು. ಬೀಗ ಹಾಕಿದ ಆ ಮನೆಯೊಳಗೆ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಬಸ್ಸು ಅಲ್ಲಿಗೆ ಮುಟ್ಟಲು ಇನ್ನೂ ಕಾಲು ಗಂಟೆ.

"ಸಾಹೇಬ್ರೇ, ಅಂಗಡಿ ಮುಚ್ಬೇಕು," ಎಂದ ದರ್ಜಿ.

"ಸ್ವಲ್ಪ ಹೊತ್ತು ತೆರೆದಿಡ್ತೀಯೇನಪ್ಪಾ?"

ಇಪ್ಪತ್ತು ವರ್ಷದಲ್ಲಿ ಅವರಿಂದ ತನಗೊಂದು ಪ್ರಶ್ನೆ ಬಂದದ್ದನ್ನೇ ಕಾಣದ ದರ್ಜಿ, ಬೆಚ್ಚಿ, ದೀಪ ಹಾಕಿ ಕೂತ. ಸಾಹೇಬರು ಮತ್ತೊಮ್ಮೆ ಹಚ್ಚಿದರು, ಮತ್ತೊಮ್ಮೆ ಗಂಟೆ. ಥಟ್ಟನೆ ಏನೋ ನೆನಪಾಗಿ ತಲೆಯೆತ್ತಿದರು.

"ಮಧ್ಯಾಹ್ನ ನಾನು ಫೋನು ಇಡುವಾಗ ಅವಳು ಏನೋ ಹೇಳುತ್ತಿದ್ದಳು, ಅಲ್ಲವೇ?"

"ಹೂಂ. 'ನಾನೇ ಬರ್ತೀನಿ, ಅಲ್ಲೇ ಇರಿ' ಅಂದ್ರು. ನೀವು ಕುಕ್ಕೋ ಹೊತ್ತಿಗೆ ಇಲ್ಲೀವರೆಗೂ ಕೇಳಿಸ್ತು."

"ಅಯ್ಯೋ ಮಹಾರಾಯ! ಆಗಲೇ ಯಾಕೆ ಹೇಳಲಿಲ್ಲ?"

ದರ್ಜಿ ಸೂಜಿಗೆ ದಾರ ಪೋಣಿಸುತ್ತ, ಬಿದ್ದುಹೋದ ಗುಂಡಿಗಾಗಿ ಅವರ ಅಂಗಿಯ ಕಡೆ ಕೈ ಚಾಚಿದ.

"ನೀವು ಕೇಳ್ಲಿಲ್ವಲ್ಲ, ಸಾಹೇಬ್ರೇ."