ಸೈಲೆನ್ಸರ್ ಆರಿಸಿದ ಕಥೆ

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನನಗೆ ಕೈಕಾಲೇ ಆಡುವುದಿಲ್ಲ. ಒಂದು ಶರಟಿನ ಬಟ್ಟೆಗಾಗಿ ಅಂಗಡಿಯವರಿಂದ ಇಪ್ಪತ್ತು ಥಾನು ಬಿಚ್ಚಿಸಿ, ಕೊನೆಗೆ ಅವರ ಮುಖ ನೋಡಲಾರದೆ ಒಂದು ಕರವಸ್ತ್ರ ಕೊಂಡು ಹೊರಬಿದ್ದವನು ನಾನು. ಹಾಗಾದರೆ ಮದುವೆ ಹೇಗಾದಿರಿ ಎಂದು ನೀವು ಕೇಳಬಹುದು. ಹೆಣ್ಣನ್ನು ನಮ್ಮ ತಾಯಿ ಆರಿಸಿದರು, ನಾನು ತಲೆಯಾಡಿಸಿದೆ. ಸಂಸಾರ ಇಷ್ಟು ಚೆನ್ನಾಗಿ ನಡೆದುಕೊಂಡು ಬಂದಿರುವುದು ಅದರಿಂದಲೇ. ಇಂಥ ನನ್ನ ಪಾಲಿಗೆ ಒಂದು ಸ್ಪೋರ್ಟ್ಸ್ ಕಾರಿಗೆ ಸೈಲೆನ್ಸರ್ ಆರಿಸುವ ಕೆಲಸ ಬಂತು.

ಬೇಲೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದವನಿಗೆ ಸ್ಪೋರ್ಟ್ಸ್ ಕಾರು ಎಲ್ಲಿಂದ ಬಂತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಘಟ್ಟದ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬರಿಗೆ ಮೂರು ವರ್ಷ ಭಾನುವಾರ ಭಾನುವಾರ ಹೋಗಿ ಕನ್ನಡ ಕಲಿಸಿದ್ದೆ. ಅವರಿಗೆ ಕೊನೆಯವರೆಗೂ ‘ಳ’ ಬರಲಿಲ್ಲ. ಆದರೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಾಗ, “ಮೇಷ್ಟ್ರೇ, ಇದು ನಿಮಗೆ” ಎಂದು ಕಾರಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಕಣ್ಣೊರೆಸಿಕೊಂಡರು. ಯುದ್ಧಕ್ಕೂ ಮೊದಲಿನ ಕಾರು. ಉದ್ದನೆಯ ಮೂತಿ, ಸೈಕಲ್ಲಿನ ಹಾಗೆ ಕಡ್ಡಿಗಳಿದ್ದ ಚಕ್ರ, ಎರಡೇ ಸೀಟು, ಬೇಕಾದಾಗ ಮೇಲೆಳೆದುಕೊಳ್ಳುವ ಕ್ಯಾನ್ವಾಸ್ ಟಾಪು, ಕಾಲ ಕೆಳಗೆ ಮರದ ಹಲಗೆ. ಕೆಂಪು ಬಣ್ಣ. ಅದರಲ್ಲಿ ಪಂಚೆ ಉಟ್ಟು ಕೂತ ನನ್ನನ್ನು ಮೊದಲ ದಿನ ನೋಡಿದ ಹೆಡ್‌ಮಾಸ್ಟರು, “ಇದೇನ್ರೀ, ನಾಟಕ ಇದೆಯೇ ಇವತ್ತು?” ಎಂದು ಕೇಳಿದ್ದರು.

ಒಂದು ಬೆಳಗ್ಗೆ ಹಳೇಬೀಡಿನ ದಾರಿಯಲ್ಲಿ, ಮಾದಿಹಳ್ಳಿಯಲ್ಲಿ, ಅದರ ಸೈಲೆನ್ಸರ್ ತುಕ್ಕು ಹಿಡಿದು ನಡುವೆ ಮುರಿಯಿತು. ಒಡನೆಯೇ ಎದ್ದ ಸದ್ದನ್ನು ವರ್ಣಿಸಲು ಮೇಷ್ಟ್ರಾದ ನನ್ನಲ್ಲಿಯೂ ಶಬ್ದಗಳಿಲ್ಲ. ರಸ್ತೆ ಪಕ್ಕದ ಮನೆಯಂಗಳದಲ್ಲಿ ಪುಟ್ಟಮ್ಮ ಎನ್ನುವ ಹೆಂಗಸು ಎಮ್ಮೆ ಕರೆಯುತ್ತಿದ್ದಳು. ಎಮ್ಮೆ ಒದ್ದ ರಭಸಕ್ಕೆ ಹಾಲು ಒಂದು ಕಡೆ, ಚೊಂಬು ಒಂದು ಕಡೆ. ಪುಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ರಸ್ತೆಗೆ ಬಂದಳು.

“ಏನ್ ಸ್ವಾಮಿ, ಇದು ಕಾರೋ, ಜಾತ್ರೇಲಿ ಸಿಡಿಸೋ ಕದಿನಿಯೋ? ನಮ್ಮೆಮ್ಮೆ ಇನ್ನು ವಾರ ಹಾಲು ಕೊಡಾಕಿಲ್ಲ!”

ನಾನು ಕ್ಷಮೆ ಕೇಳಿದೆ. ಎಂಜಿನ್ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಆ ಸದ್ದು ನನಗೆ ಅಷ್ಟೇನೂ ಬೇಡವಾಗಿರಲಿಲ್ಲ. ನನ್ನದು ಸಣ್ಣ ದನಿ. ತರಗತಿಯಲ್ಲಿ ಮೂರನೆಯ ಬೆಂಚು ದಾಟುವುದಿಲ್ಲ. ಆದರೆ ಆ ವಾರ ಹಗರೆಯ ಕಡೆ ಹೋದಾಗ ಬಸ್ಸಿನವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು! ಹಾಗೆಂದು ಸುಮ್ಮನಿರುವಂತೆಯೂ ಇರಲಿಲ್ಲ. ನನ್ನ ಹೆಂಡತಿ ಸಾವಿತ್ರಿ, “ಇದು ರಿಪೇರಿ ಆಗೋವರೆಗೂ ನಾನು ಕೂರೋಲ್ಲ” ಎಂದಳು. ಬೇರೆ ಸೈಲೆನ್ಸರ್ ಆರಿಸಲು ಅರಸೀಕೆರೆಗೆ ಹೋದೆ. ಸ್ಟೇಷನ್ನಿನ ಬಳಿ ರಂಗಪ್ಪನವರ ರಿಪೇರಿ ಷೆಡ್ಡು. ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಮನುಷ್ಯ. ಕಾರಿನ ಕೆಳಗೆ ಹೊಕ್ಕು, ಗೋಣಿದಾರಕ್ಕೆ ಗಂಟು ಹಾಕಿ ಹಾಕಿ ಅಳತೆ ತೆಗೆದುಕೊಂಡು ಹೊರಬಂದರು.

“ಅಸಲಿ ಮಾಲು ಬೇಕು ಅಂದ್ರೆ ಹಡಗಲ್ಲಿ ಬರಬೇಕು ಮೇಷ್ಟ್ರೇ, ಆರು ತಿಂಗಳು. ಇಲ್ಲಾ, ಜೀಪಿಂದು ಒಂದೈತೆ, ಕತ್ತರಿಸಿ ಕೂರಿಸ್ಬೋದು. ಲಾರೀದು ಹಾಕಿದ್ರೆ ಸೈಲೆನ್ಸರಿಗೆ ಕಾರು ಕಟ್ಟಿದಂಗಾಗ್ತೈತೆ. ನಿಮಗ್ಯಾವುದು ಬೇಕು?”

ನಿಮಗ್ಯಾವುದು ಬೇಕು! ಆ ಮಾತೇ ನನಗೆ ಆಗದು. “ಸದ್ದು ಹೇಗಿರುತ್ತೆ?” ಎಂದು ಕೇಳಿದೆ. ರಂಗಪ್ಪನವರು ಪಾಪ, ಷೆಡ್ಡಿನಲ್ಲಿದ್ದ ಜೀಪು, ಬಸ್ಸು, ಲಾರಿ ಎಲ್ಲವನ್ನೂ ಒಂದೊಂದಾಗಿ ಚಾಲೂ ಮಾಡಿಸಿ ಕೇಳಿಸಿದರು. ನಾನು ಕಣ್ಣು ಮುಚ್ಚಿ, ತಂಬೂರಿ ಕೊಳ್ಳಲು ಬಂದವನ ಹಾಗೆ ತಲೆ ವಾಲಿಸಿ ಕೇಳಿದೆ. ಜೀಪಿನದು ತೀರ ಒರಟು, ಬಸ್ಸಿನದು ಉಬ್ಬಸ. ಅಸಲಿ ಮಾಲಿನ ಸದ್ದು ಚೆನ್ನ, ಆದರೆ ಅದು ಇನ್ನೂ ಇಂಗ್ಲೆಂಡಿನಲ್ಲಿದೆ. “ಯೋಚನೆ ಮಾಡಿ ಹೇಳ್ತೀನಿ, ಸದ್ಯಕ್ಕೆ ತಂತಿ ಬಿಗಿದು ಕೊಡಿ” ಎಂದೆ. ಅವರು ಕಟ್ಟಿ ಕೊಟ್ಟು ಹೇಳಿದರು: “ಸದ್ದಿಂದು ಬಿಡಿ ಸ್ವಾಮಿ, ಹೊಗೆ ಹಲಗೆ ಸಂದಿಯಿಂದ ಒಳಕ್ಕೆ ಬತ್ತೈತೆ. ಟಾಪು ಮುಚ್ಕೊಂಡು ಮಾತ್ರ ಓಡಿಸ್ಬ್ಯಾಡಿ.” ನಾನು ‘ಆಗಲಿ’ ಎಂದೆ. ಮನಸ್ಸು ಇನ್ನೂ ಜೀಪಿನ ಶ್ರುತಿಯಲ್ಲೇ ಇತ್ತು.

ಮೂರು ವಾರ ಯೋಚನೆ ಮಾಡಿದೆ. ಬೆಂಗಳೂರಿನ ಒಂದು ಮೋಟಾರು ಅಂಗಡಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದೆ. ಹೆಡ್‌ಮಾಸ್ಟರು ‘ಅಸಲೀದೇ ತರಿಸಿ’ ಎಂದರೆ ಹೌದೆನಿಸುವುದು. ಡ್ರಾಯಿಂಗ್ ಮೇಷ್ಟ್ರು ‘ಆರು ತಿಂಗಳು ಯಾರು ಕಾಯ್ತಾರೆ’ ಎಂದರೆ ಅದೂ ಹೌದೆನಿಸುವುದು. ಅಷ್ಟರಲ್ಲಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ, ನಮ್ಮ ಮಾವನವರಿಗೆ ಮೈ ಸರಿಯಿಲ್ಲವೆಂದು ಹೇಳಿಕಳಿಸಿದರು. ಮಧ್ಯಾಹ್ನದ ಬಸ್ಸು ಆಗಲೇ ಹೊರಟುಹೋಗಿತ್ತು. ಸಾವಿತ್ರಿ ತನ್ನ ಶಪಥ ಮುರಿದು ಕಾರು ಹತ್ತಿದಳು. ಊರು ದಾಟುತ್ತಲೇ ಮಳೆ ಹಿಡಿಯಿತು. ನಾನು ಟಾಪು ಎಳೆದು, ಪಕ್ಕದ ಪರದೆಗಳನ್ನೂ ಗುಂಡಿ ಹಾಕಿ ಭದ್ರಮಾಡಿದೆ. ಅವಳು ನೆನೆಯಬಾರದಲ್ಲ!

“ತಲೆ ಸಿಡೀತಿದೆ ಕಣ್ರೀ” ಎಂದಳು ಸಾವಿತ್ರಿ. ಅಪ್ಪನ ಚಿಂತೆ ಎಂದುಕೊಂಡೆ. ನನ್ನ ತಲೆಯೂ ಭಾರವಾಗಿತ್ತು. ಅದು ಸೈಲೆನ್ಸರಿನ ಚಿಂತೆ ಎಂದುಕೊಂಡೆ. ಸ್ವಲ್ಪ ದೂರ ಹೋಗುವುದರೊಳಗೆ ಅವಳ ತಲೆ ನನ್ನ ಹೆಗಲಿಗೆ ಬಿತ್ತು. ಕರೆದೆ, ಉತ್ತರವಿಲ್ಲ. ಆಗ ಹೊಗೆಯ ಬಗ್ಗೆ ರಂಗಪ್ಪನವರು ಹೇಳಿದ ಮಾತು ನನ್ನೊಳಗೆ ಬಿತ್ತು, ಮೂರು ವಾರ ತಡವಾಗಿ.

ಕಾರು ನಿಲ್ಲಿಸಿ, ಬಾಗಿಲು ತೆರೆದು, “ಯಾರಾದ್ರೂ ಬನ್ನಿ!” ಎಂದು ಕೂಗಿದೆ. ಮೂರನೆಯ ಬೆಂಚು ದಾಟದ ನನ್ನ ದನಿ ಅವತ್ತು ಮಾದಿಹಳ್ಳಿಯ ತುಂಬ ಕೇಳಿತಂತೆ. ಮಳೆಗೆ ತಲೆಯ ಮೇಲೆ ಗೊರಬು ಹೊದ್ದು ಓಡಿಬಂದವಳು ಪುಟ್ಟಮ್ಮ. ಹಾಲು ಚೆಲ್ಲಿದ ಮಾತು ಎತ್ತಲಿಲ್ಲ. ಸಾವಿತ್ರಿಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ತನ್ನ ಜಗಲಿಯಲ್ಲಿ ಗಾಳಿಗೆ ಮಲಗಿಸಿ, ಅಂಗಾಲು ಉಜ್ಜತೊಡಗಿದಳು. “ಗಾಳಿ ಬಿಡ್ರಪ್ಪ, ಸುತ್ತ ನಿಲ್ಬ್ಯಾಡಿ” ಎಂದು ಸೇರಿದವರನ್ನೆಲ್ಲ ಗದರಿದಳು. ನಾನು ಕಂಬ ಹಿಡಿದು ನಿಂತೆ. ಆ ಸ್ವಲ್ಪ ಹೊತ್ತಿನಲ್ಲಿ ನಾನು ಹೊರದ ಹರಕೆಯಿಲ್ಲ. ಅಷ್ಟೂ ಹರಕೆಗಳನ್ನು ಯಾವ ದೇವರಿಗೆಂದು ಆರಿಸಲು ಒಮ್ಮೆಯೂ ತಡವರಿಸದೆ ಹೊತ್ತೆ.

ಸಾವಿತ್ರಿ ಕಣ್ಣು ಬಿಟ್ಟಳು. ಮೊದಲು ಕೇಳಿದ್ದು, “ಅಪ್ಪ ಹೇಗಿದ್ದಾರೆ?” ಎಂದು. ಪುಟ್ಟಮ್ಮ ಕಣ್ಣೊರೆಸಿಕೊಂಡು, “ಮೊದ್ಲು ನೀನು ನೆಟ್ಟಗಾಗು ನನ್ನವ್ವ” ಎಂದು ಬೆಚ್ಚಗೆ ಹಾಲು ಕುಡಿಸಿದಳು. ಅದೇ ಎಮ್ಮೆಯ ಹಾಲು. ಸಂಜೆಯ ಬಸ್ಸಿಗೆ ಅವಳೇ ನಮ್ಮ ಜೊತೆ ಬಸ್ತಿಹಳ್ಳಿಯವರೆಗೆ ಬಂದು ಬಿಟ್ಟುಹೋದಳು. ಮಾವನವರಿಗೆ ಬರೀ ಅಜೀರ್ಣ. ಮಗಳನ್ನು ನೋಡಿದ್ದೇ ಎದ್ದು ಕೂತರು.

ಕಾರು ಪುಟ್ಟಮ್ಮನ ಅಂಗಳದಲ್ಲಿ ಉಳಿಯಿತು. ಬಸ್ ಕಂಡಕ್ಟರ ಕೈಯಲ್ಲಿ ರಂಗಪ್ಪನವರಿಗೆ, “ಯಾವುದಾದರೂ ಸರಿ, ಬೇಗ ಮಾದಿಹಳ್ಳಿಗೆ” ಎಂದು ಚೀಟಿ ಕಳಿಸಿದೆ. ಮರುದಿನವೇ, ನಾನು ಮಾದಿಹಳ್ಳಿಯಲ್ಲಿ ಕಾಯುತ್ತಿದ್ದ ಹಾಗೆ, ಅವರು ಬಂದಿಳಿದರು. ಬಸ್ಸಿನ ಮೇಲಿನಿಂದ ಒಂದು ಸೈಲೆನ್ಸರೂ ಇಳಿಯಿತು. ಜೀಪಿನದನ್ನು ಕತ್ತರಿಸಿ ಗಿಡ್ಡ ಮಾಡಿ, ಕೊಳವೆಗೆ ಮರಳು ತುಂಬಿ ಕಾಯಿಸಿ, ಕಾರಿನ ಹೊಟ್ಟೆಯ ಆಕಾರಕ್ಕೆ ಸರಿಯಾಗಿ ಬಗ್ಗಿಸಿದ್ದರು.

“ಒಂದೇ ದಿನದಲ್ಲಿ ಹೇಗೆ ಮಾಡಿದ್ರಿ?” ಎಂದೆ.

“ಒಂದಿನ ಎಲ್ಲಿ ಬಂತು ಸ್ವಾಮಿ? ನೀವು ಹೋದ ಮಾರನೇ ದಿನಾನೇ ಮಾಡಿಟ್ಟಿದ್ದೆ. ನಿಮ್ಮನ್ನ ನೋಡಿದ್ರೆ ಯಾವುದು ಬೇಕು ಅಂತ ಹೇಳೋ ಗಿರಾಕಿ ಅನಿಸ್ಲಿಲ್ಲ.”

ಕೂರಿಸಿದ ಮೇಲೆ ಪುಟ್ಟಮ್ಮ ಚೊಂಬು ಹಿಡಿದು ಎಮ್ಮೆಯ ಕೆಳಗೆ ಕೂತು, “ಈಗ ಬಿಡಿ ಕಾರು” ಎಂದಳು. ನಾನು ಚಾಲೂ ಮಾಡಿದೆ. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ರಂಗಪ್ಪನವರ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡೆ. ಕನ್ನಡ ಮೇಷ್ಟ್ರಾದ ನಾನು ಆ ಇಬ್ಬರಿಗೂ ಕೈಮುಗಿದೆ.

ಸಾವಿತ್ರಿಯನ್ನು ಬಸ್ತಿಹಳ್ಳಿಯಿಂದ ಕರೆತರುವಾಗ ಟಾಪು ಬಿಚ್ಚಿ, ಹೊಸ ಸೈಲೆನ್ಸರಿನ ವಿಷಯವನ್ನು ಅವಳಿಗೆ ವಿವರವಾಗಿ ಹೇಳುತ್ತ ಬಂದೆ: ಮರಳು ಏಕೆ ತುಂಬುತ್ತಾರೆ, ಹೊಗೆ ಹೇಗೆ ಹೊರಳುತ್ತದೆ, ಜೀಪಿನದಕ್ಕೂ ಅಸಲಿಗೂ ಏನು ಭೇದ. ಎರಡು ಮೈಲಿ ಬಂದಿರಬೇಕು, ತಿರುಗಿ ನೋಡುತ್ತೇನೆ, ಅವಳ ತಲೆ ವಾಲಿದೆ, ಕಣ್ಣು ಮುಚ್ಚಿದೆ. ಗಾಡಿ ನಿಲ್ಲಿಸಿ ಭುಜ ಹಿಡಿದು ಅಲುಗಾಡಿಸಿ, “ಸಾವಿತ್ರಿ! ಸಾವಿತ್ರಿ! ಹೊಗೆ ಬಂತಾ?” ಎಂದು ಕೂಗಿದೆ.

ಅವಳು ಆಕಳಿಸುತ್ತ ಕಣ್ಣು ಬಿಟ್ಟು, “ಹೊಗೆ ಎಲ್ಲೀದು? ಚೆನ್ನಾಗಿ ರಿಪೇರಿ ಮಾಡಿದ್ದಾರೆ ಪುಣ್ಯಾತ್ಮರು” ಎಂದಳು. “ಸದ್ದೇ ಇಲ್ಲ ನೋಡಿ, ನೀವು ಹೇಳೋದೆಲ್ಲ ಸ್ಪಷ್ಟವಾಗಿ ಕೇಳ್ತಿತ್ತು. ಅದಕ್ಕೇ ನಿದ್ದೆ ಬಂತು.”