ಮೇಡಂಗಿಂತ ಮೊದಲು ಬಂದ ಮೇಡಂ

ದಾನಿಗಳ ಮುಂದೆ ಸಣ್ಣ ಸಂಸ್ಥೆಯವರು ನಡೆದುಕೊಳ್ಳುವುದು ಹೆಣ್ಣು ನೋಡಲು ಬಂದವರ ಮುಂದೆ ಮನೆಯವರು ನಡೆದುಕೊಂಡಂತೆಯೇ. ಗೋಡೆಯ ಬಿರುಕಿಗೆ ಕ್ಯಾಲೆಂಡರ್ ನೇತುಹಾಕಿ, ಕೆಮ್ಮುವ ತಾತನನ್ನು ಹಿತ್ತಲಿಗೆ ಕಳಿಸಿ, ಎಲ್ಲರೂ ಒಂದೇ ಅಳತೆಯಲ್ಲಿ ನಗುತ್ತಾರೆ. ಹಿರಿಯೂರಿನ ನಮ್ಮ ಸಂಸ್ಥೆಯೆಂದರೆ ಒಂದು ಬಾಡಿಗೆ ಕೋಣೆ ಮತ್ತು ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಯಿಂದ ಹಟ್ಟಿಗೆ ಹೋಗುವ, ದಾನಿಗಳು ಕೊಡಿಸಿದ ಒಂದು ವ್ಯಾನು. ಆ ವ್ಯಾನು ಮಳೆಗಾಲದಿಂದ ಗ್ಯಾರೇಜಿನಲ್ಲಿ ಮಲಗಿತ್ತು. ಲಸಿಕೆಯ ಡಬ್ಬ ನನ್ನ ಬೈಕಿನ ಹಿಂದೆ ಕೂತು ತಿರುಗುತ್ತಿತ್ತು. ದೂರದ ಹಟ್ಟಿಗಳು ಹಾಗೇ ಉಳಿದಿದ್ದವು.

ಕಾರ್ಯದರ್ಶಿ ರುದ್ರೇಶಪ್ಪನವರು ಮಾತ್ರ ಪ್ರತಿ ತಿಂಗಳೂ ದಾನಿ ಸಂಸ್ಥೆಯ ಮೇಡಂಗೆ ಫೋನು ಮಾಡಿ, “ಎಲ್ಲಾ ಬಹಳ ಚೆನ್ನಾಗಿ ನಡೀತಿದೆ ಮೇಡಂ” ಎನ್ನುತ್ತಿದ್ದರು. ನಿಜ ಹೇಳಿಬಿಡಿ ಸಾರ್ ಎಂದರೆ, “ಕೆಟ್ಟೈತೆ ಅಂದ್ರೆ ಮುಂದಿನ ವರ್ಷ ನೆರವೇ ನಿಲ್ಲಿಸ್ತಾರೆ ಕಣಲೇ, ನಿನ್ ಸಂಬಳಾನೂ ಅದ್ರಾಗೇ ಐತೆ” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬೆಂಗಳೂರಿನಿಂದ ಮೇಡಂ ಖುದ್ದಾಗಿ ಬರುತ್ತಾರೆಂದಾಗ ಹಟ್ಟಿಯವರಿಗೆ ತಾಲೀಮು ಕೊಡುವ ಹೊಣೆ ನನಗೆ ಬಂತು. ಊರಿನಲ್ಲಿ ನಾನು ಅಣಕಿಸದ ದನಿಯಿಲ್ಲ; ನಮ್ಮಪ್ಪನ ಗೊರಕೆಯೂ ನನ್ನ ಪಟ್ಟಿಯಲ್ಲಿದೆ. ಮಾರಿಕಣಿವೆ ಹತ್ತಿರದ ಹಟ್ಟಿಗೆ ಹೋಗಿ, ವ್ಯಾನು ಕೊಟ್ಟ ದಿನ ನೋಡಿದ್ದ ಮೇಡಂನಂತೆ ಟವೆಲ್ಲನ್ನು ದುಪಟ್ಟಾ ಮಾಡಿಕೊಂಡು, ಕನ್ನಡಕ ಮೂಗಿನ ತುದಿಗೆ ತಂದು, “ಸೋ... ನಿಮ್ಮ ಜೀವನದಲ್ಲಿ ಏನು ಚೇಂಜ್ ಆಯ್ತು ಅಂತ ಫೀಲ್ ಮಾಡ್ತೀರಾ?” ಎಂದೆ. ಏನೇ ಕೇಳಿದರೂ “ಎಲ್ಲಾ ಚೆನ್ನಾಗೈತ್ರಿ” ಎನ್ನಬೇಕೆಂದು ಕಲಿಸಿದೆ.

ನಿಜವಾದ ಮೇಡಂ ಬಂದರು. ಕನ್ನಡಕ ಮೂಗಿನ ತುದಿಗೆ ಬಂತು. “ಸೋ...” ಎಂದರು. ಹೆಂಗಸರು ಸೆರಗು ಕಚ್ಚಿಕೊಂಡರು. ಕುರಿ ಕಾಯುವ ಈರಣ್ಣಜ್ಜ, “ಎಲ್ಲಾ ಚೆನ್ನಾಗೈತ್ರಿ. ಮೊನ್ನೆ ಬಂದ ಮೇಡಂಗೂ ಇದನ್ನೇ ಹೇಳೀವ್ರಿ” ಎಂದ.

“ಯಾವ ಮೇಡಂ?”

ಅಜ್ಜನ ಕೋಲು ನನ್ನತ್ತ ತಿರುಗಿತು. “ಅಗಾ, ಆ ಮೀಸೆ ಮೇಡಂ!”

“ಎಲ್ಲಿ, ಮಾಡಿ ನೋಡೋಣ” ಎಂದರು ಮೇಡಂ. ಮಾಡಿದೆ. ಅವರು ನಗಲಿಲ್ಲ. ರುದ್ರೇಶಪ್ಪನವರತ್ತ ನೋಡಿ, “ಇವರನ್ನೂ ಮಾಡ್ತೀರಾ?” ಎಂದರು. ಕೆಲಸ ಹೇಗೂ ಹೋಯಿತು, ಕಲೆಯಾದರೂ ಉಳಿಯಲಿ ಎಂದು ಅಂಗೈ ಕಿವಿಗಿಟ್ಟೆ. “ಹಲೋ, ಎಲ್ಲಾ ಬಹಳ ಚೆನ್ನಾಗಿ ನಡೀತಿದೆ ಮೇಡಂ.” ಅಣಕ ಮಾಡುವವನಿಗೆ ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು, ಗ್ಯಾರೇಜಿನಿಂದ ಮಾತಾಡುವಾಗ ರುದ್ರೇಶಪ್ಪನವರು ಮೆಕ್ಯಾನಿಕ್ಕಿಗೆ ಹೇಳುತ್ತಿದ್ದುದನ್ನೂ ಹೇಳಿಬಿಟ್ಟೆ: “ಲೇ, ಸುತ್ತಿಗೆ ನಿಲ್ಸೋ! ವ್ಯಾನ್ ಬಿಚ್ಚಿರೋದು ಗೊತ್ತಾಗ್ತೈತೆ!”

ಹಟ್ಟಿಯವರೆಲ್ಲ ರುದ್ರೇಶಪ್ಪನವರತ್ತ ತಿರುಗಿದರು. ಕುರಿಗಳು ಕೂಡ.

ಮೇಡಂ ಅಲ್ಲಿಂದ ನೇರ ಗ್ಯಾರೇಜಿಗೆ ಹೊರಟರು. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು. ಬಹಳ ಹೊತ್ತು ಅದನ್ನೇ ನೋಡಿ, “ಗಾಡಿ ಕೆಡೋದು ಸಹಜ ರುದ್ರೇಶಪ್ಪನವರೇ. ತಿಂಗಳು ತಿಂಗಳೂ ಅದೇ ಕ್ಯಾಸೆಟ್ ಕೇಳಿಸಿದ್ರಲ್ಲ, ಅದಕ್ಕೇ ಬೇಜಾರು” ಎಂದರು. ರಿಪೇರಿ ಮಾಡಿಸಿದರು, ನೆರವನ್ನೂ ಮುಂದುವರಿಸಿದರು. ಒಂದೇ ಷರತ್ತು: ಇನ್ನು ಫೋನ್ ಮಾಡಬೇಕಾದವನು ನಾನು, ನನ್ನದೇ ದನಿಯಲ್ಲಿ.

ಮೊದಲ ತಿಂಗಳು ಮಾಡಿದೆ. “ವ್ಯಾನ್ ಓಡ್ತೈತ್ರಿ ಮೇಡಂ. ಬ್ರೇಕ್ ಒಂಚೂರು ಸರಿ ಇಲ್ಲ. ಎರಡು ಹಟ್ಟಿ ಇನ್ನೂ ಬಾಕಿ ಅವೆ.”

ಆ ಕಡೆಯಿಂದ ಮೇಡಂ, “ಚೆನ್ನಾಗಿ ಮಾಡ್ತೀರಿ. ಇದು ಯಾರ ದನಿ?” ಎಂದರು.

ನನ್ನದೇ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆ ದನಿಯನ್ನು ಹಿಂದೆ ಎಲ್ಲೂ ಕೇಳಿದ ನೆನಪಿರಲಿಲ್ಲ.